ಎರಡು ಸೆಕೆಂಡಿನ ಸದ್ದು: ಬಿಸಿಲಿಗೆ ಮುನಿಯುತ್ತಿದ್ದ ನನ್ನ ಹಳೇ ವಿಟೆಕ್‌ನ ರಿಪೇರಿ ಡೈರಿ

ಗಾಡಿ: 2002ರ ಹೋಂಡಾ ಸಿಟಿ 1.5 ವಿಟೆಕ್ (ಎಂಜಿನ್ ಸುತ್ತು ಏರಿದಾಗ ವಾಲ್ವ್ ಇನ್ನಷ್ಟು ತೆರೆಸುವ ಹೋಂಡಾ ಏರ್ಪಾಡು), ಕೆಎ-09 ನೋಂದಣಿ. ನಾನು ಮೂರನೇ ಓನರ್.
ತೊಂದರೆ: ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಂದರೆ ಸೆಲ್ಫ್ ಹೊಡೆಯುತ್ತೆ, ಎಂಜಿನ್ ಹಿಡಿಯಲ್ಲ.
ಹಿಡಿದ ಕಾಲ: 2024ರ ಮಾರ್ಚ್ 9ರಿಂದ ಜೂನ್ 2.
ಆದ ಖರ್ಚು: 13,260 ರೂಪಾಯಿ. ಆಗಬೇಕಿದ್ದ ಖರ್ಚು: 560.

ಕೊನೇ ಎರಡು ಅಂಕಿಗಳ ನಡುವಿನ ಅಂತರವೇ ಈ ಬರಹ. ಥಿಯರಿ ಏನೂ ಇಲ್ಲ. ಏನು ಬಿಚ್ಚಿದೆ, ಎಲ್ಲಿ ಎಡವಿದೆ, ಅಷ್ಟೇ.

ಮೊದಲು ಗಾಡಿ ಬಗ್ಗೆ ಒಂದು ಮಾತು. ಸ್ಪೋರ್ಟಿ ಕಾರು ಅಂದ್ರೆ ಎರಡೇ ಬಾಗಿಲಿನ ಕೂಪೆ ಆಗಿರಬೇಕು ಅನ್ನೋರಿದ್ದಾರೆ. ಆಸೆ ನನಗೂ ಇತ್ತು. ಆದರೆ ನನ್ನ ಸಂಬಳಕ್ಕೆ ಎಟುಕುವ ಕೂಪೆ ಈ ಊರಲ್ಲಿ ಎಲ್ಲಿದೆ? ನಾಲ್ಕು ಬಾಗಿಲಿದ್ದರೂ ಈ ಸಿಟಿಯ ಎಂಜಿನ್ 1493 ಸಿಸಿಯಲ್ಲಿ 106 ಕುದುರೆ ಶಕ್ತಿ ಕೊಡುತ್ತೆ. ಇದರ ಜಾಗಕ್ಕೆ 2003ರಲ್ಲಿ ಬಂದ ಹೊಸ ಸಿಟಿಯಲ್ಲಿ 77 ಕುದುರೆ. ಅದು ಪೆಟ್ರೋಲ್ ಉಳಿಸುವ ಗಾಡಿ, ಇದು ಮುಖದಲ್ಲಿ ನಗು ತರಿಸುವ ಗಾಡಿ. 2021ರ ಡಿಸೆಂಬರಲ್ಲಿ 1,20,000ಕ್ಕೆ ತಗೊಂಡೆ. ಆಗ ಮೀಟರಲ್ಲಿ 1,38,000 ಕಿ.ಮೀ. ಇತ್ತು.

ಸೋಮಾರಿತನಕ್ಕೆ ಬೆಲೆ ಕಟ್ಟಿದ್ದು ಇದೇ ಮೊದಲಲ್ಲ. 2022ರ ಮೇ ತಿಂಗಳಿಗೆ ಗಾಡಿಗೆ 20 ವರ್ಷ ತುಂಬಿ ನೋಂದಣಿ ನವೀಕರಿಸಬೇಕಿತ್ತು. ಮಾರ್ಚ್ ಕೊನೆಗೇ ಹೋಗಬಹುದಿತ್ತು. 'ಹೋಗೋಣ ಬಿಡು' ಅಂದುಕೊಂಡು ಕೂತೆ. ಏಪ್ರಿಲ್ 1ಕ್ಕೆ 600 ರೂಪಾಯಿ ಇದ್ದ ಶುಲ್ಕ 5,000 ಆಯ್ತು. ಹತ್ತು ದಿನದ ಸೋಮಾರಿತನಕ್ಕೆ 4,400. ಇದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಮಾರ್ಚ್ 9, ಶನಿವಾರ. ಮಂಡ್ಯ

ನಾನು ಕೆಲಸ ಮಾಡೋದು ಮಂಡ್ಯದಲ್ಲಿ, ಮನೆ ಮೈಸೂರಿನ ಕುವೆಂಪುನಗರದಲ್ಲಿ. ದಿನಾ ರೈಲು, ವಾರಕ್ಕೊಂದೆರಡು ಸಲ ಕಾರು. ಅವತ್ತು ವಿಶ್ವೇಶ್ವರಯ್ಯ ಕ್ರೀಡಾಂಗಣದ ಹತ್ತಿರ ಬಿಸಿಲಲ್ಲೇ ನಿಲ್ಲಿಸಿದ್ದೆ. ಮಧ್ಯಾಹ್ನ ಒಂದೂವರೆಗೆ ಬಂದು ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಬಾನೆಟ್ ಎತ್ತಿದೆ. ಎತ್ತಿ ಏನು ನೋಡಿದೆ ಅಂತ ಕೇಳಬೇಡಿ. ಎಲ್ಲರೂ ಎತ್ತುತ್ತಾರೆ, ನಾನೂ ಎತ್ತಿದೆ. ಪಕ್ಕದ ಎಳನೀರಿನವನು ಬಂದು ಬಗ್ಗಿ ನೋಡಿದ.

'ಬಿಸ್ಲಿಗೆ ಕಣಣ್ಣ. ಮನ್ಸಂಗೇ ಆಯ್ತಿಲ್ಲ, ಇದ್ಕಾದದಾ? ಬುಡಿ, ವಸಿ ತಣ್ಗಾಗ್ಲಿ.'

ನಲವತ್ತು ನಿಮಿಷ, ಎರಡು ಎಳನೀರು ಆದ ಮೇಲೆ ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ಮೂರು ತಿಂಗಳು ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಸರಿಯಾದ ಮಾತು ಅವನದೇ. ನಾನು ಅದನ್ನು ಸುಮ್ನೆ ಮಾತು ಅಂದುಕೊಂಡೆ.

ಮಾರ್ಚ್ 17, ಭಾನುವಾರ. ಪೆಟ್ರೋಲ್ ಫಿಲ್ಟರ್

ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತ ಊಹಿಸಿದೆ. ಊಹೆ ಅರ್ಧ ಸರಿ, ಅದಕ್ಕೇ ಅಪಾಯ. ಫಿಲ್ಟರ್ 750 ರೂಪಾಯಿ. ಎಂಜಿನ್ ಕೋಣೆಯಲ್ಲಿ ಕೈ ತೂರದ ಮೂಲೆಯಲ್ಲಿದೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಬ್ಯಾಟರಿಯ ಮೈನಸ್ ಕಳಚಿ, ಚಿಂದಿ ಬಟ್ಟೆ ಸುತ್ತಿ ನಿಧಾನವಾಗಿ ಬೋಲ್ಟ್ ಸಡಿಲಿಸಿದೆ. ಲೈನಲ್ಲಿ ಒತ್ತಡ ಇರುತ್ತೆ, ಒಮ್ಮೆಲೇ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ.

ತಪ್ಪು 1: ಬೋಲ್ಟಿನ ಎರಡೂ ಕಡೆ ಇರುವ ವಾಷರ್ ಹಳೆಯದನ್ನೇ ಹಾಕಿದೆ. ಅವು ಒಮ್ಮೆ ಒತ್ತಿಕೊಂಡರೆ ಮುಗೀತು, ಮತ್ತೆ ಕೂರಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಮಣಿಮಣಿಯಾಗಿ ಪೆಟ್ರೋಲ್ ಒಸರಿತು. ಬಿಸಿ ಎಂಜಿನ್ ಪಕ್ಕದಲ್ಲಿ! ತಕ್ಷಣ ಆಫ್ ಮಾಡಿ, ಸ್ಕೂಟರಲ್ಲಿ ಹೋಗಿ 40 ರೂಪಾಯಿ ಕೊಟ್ಟು ಹೊಸ ವಾಷರ್ ತಂದೆ.

ಮಾರ್ಚ್ 30. ಶ್ರೀರಂಗಪಟ್ಟಣ

ಕೋಟೆ ಒಳಗೆ ನೆಂಟರ ಮನೆ. ಊಟ ಮುಗಿಸಿ ಬಂದರೆ ಅದೇ ಕಥೆ. ಈ ಸಲ ಒಂದು ಗಂಟೆ ಕಾದರೂ ಹಿಡಿಯಲಿಲ್ಲ. ಟೋಯಿಂಗ್ ಗಾಡಿ ಕರೆಸಿದೆ, 1,800 ರೂಪಾಯಿ. ಕುವೆಂಪುನಗರದ ಮನೆ ಮುಂದೆ ಇಳಿಸಿದಾಗ ಸಂಜೆ ಆಗಿತ್ತು. ಟೋಯಿಂಗ್ ಹುಡುಗ 'ಒಂದ್ಸಲ ನೋಡಿ ಸಾರ್' ಅಂತ ಕೀ ತಿರುಗಿಸಿದ. ಸ್ಟಾರ್ಟ್! ಅವನು ನನ್ನ ಮುಖ ನೋಡಿದ. ನಾನು ಗೇಟಿನ ಕಡೆ ನೋಡಿದೆ.

ಏಪ್ರಿಲ್ 7. ಪ್ಲಗ್ಗು, ವೈರು, ಡಿಸ್ಟ್ರಿಬ್ಯೂಟರ್ ಮುಚ್ಚಳ

ಇದನ್ನು ಬೇಗ ಮುಗಿಸುತ್ತೇನೆ. ನಾಲ್ಕು ಪ್ಲಗ್ 880, ವೈರ್ ಸೆಟ್ 1,800, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ರೋಟರ್ 1,150. ಪ್ಲಗ್ ಗ್ಯಾಪ್ 1.1 ಮಿ.ಮೀ. ಇಟ್ಟೆ. 2 ಮತ್ತು 3ನೇ ಪ್ಲಗ್ಗಿನ ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು, ಪ್ಲಗ್ ತಲೆವರೆಗೂ. ಮೇಲಿನ ವಾಲ್ವ್ ಕವರಿನ ರಬ್ಬರ್ ಗಟ್ಟಿಯಾಗಿ ಆಯಿಲ್ ಇಳಿಯುತ್ತಿದೆ ಅಂತ ಅರ್ಥ. ಅದೊಂದು ಕೆಲಸ ಪಟ್ಟಿಗೆ ಸೇರಿತು.

ಏಪ್ರಿಲ್ 9, ಯುಗಾದಿ

ಪಾಂಡವಪುರದ ಹತ್ತಿರ ನನ್ನ ಹೆಂಡತಿಯ ಊರು. ಹೋಳಿಗೆ ಉಂಡು, ಬೇವು ಬೆಲ್ಲ ತಿಂದು, ಎಲ್ಲರಿಗೂ ಕೈ ಬೀಸಿ ಕಾರಲ್ಲಿ ಕೂತೆವು. ಕೀ ತಿರುಗಿಸಿದೆ. ಬರೀ ಸೆಲ್ಫ್. ಜಗಲಿ ಮೇಲೆ ಊರೇ ಕೂತಿತ್ತು. ನಮ್ಮ ಮಾವ ಎದ್ದು ಬಂದು ಬಾನೆಟ್ ಮೇಲೆ ಕೈ ಇಟ್ಟರು.

'ಅಳಿಯಂದ್ರೆ, ಇದ್ನ ಮಾರ್ಬುಟ್ಟು ಎರಡು ಹಸ ಕಟ್ಟಿ. ಬೆಳಗ್ಗೆ ಸಾಯಂಕಾಲ ಹಾಲಾರಾ ಕೊಡ್ತವೆ.'

ಅವತ್ತು ರಾತ್ರಿ ಬಸ್ಸಲ್ಲಿ ಬಂದೆವು. ಮಾರನೇ ದಿನ ಬೆಳಿಗ್ಗೆ ಭಾವಮೈದ ಫೋನ್ ಮಾಡಿ, 'ಭಾವ, ನಿಮ್ ಗಾಡಿ ಸ್ಟಾರ್ಟ್ ಆಯ್ತು, ತಂದ್ಬುಡ್ಲಾ?' ಅಂದ.

ಏಪ್ರಿಲ್ 26, ಶುಕ್ರವಾರ. ಟ್ಯಾಪೆಟ್

ಟ್ಯಾಪೆಟ್ ಅಂದರೆ, ಗಾಳಿ-ಪೆಟ್ರೋಲ್ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು ಹೊಂದಿಸೋದು. ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದ್ದು: 'ವಾಲ್ವ್ ಟೈಟ್ ಆಗಿರುತ್ತೆ ಸಾರ್. ಬಿಸಿಯಾದಾಗ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಹೋಗುತ್ತೆ.' ಕೇಳೋಕೆ ಚೆನ್ನಾಗಿತ್ತು. ಹೇಗೂ ಕವರಿನ ರಬ್ಬರ್ ಬದಲಿಸಬೇಕಿತ್ತು. ಲೋಕಸಭೆ ಮತದಾನದ ರಜೆ. ಏಳೂವರೆಗೆ ಓಟು ಹಾಕಿ ಬಂದು, ಬೆರಳಿನ ಶಾಯಿ ಒಣಗುವ ಮೊದಲೇ ಗ್ರೀಸ್ ಹತ್ತಿಸಿಕೊಂಡೆ.

ಬೇಕಾದ್ದು: 10 ಎಂಎಂ ಸಾಕೆಟ್, 10 ಎಂಎಂ ರಿಂಗ್ ಸ್ಪ್ಯಾನರ್, ಚಪ್ಪಟೆ ಸ್ಕ್ರೂಡ್ರೈವರ್, ಸಂದು ಅಳೆಯುವ ಫೀಲರ್ ಗೇಜ್ (250 ರೂ.), ಗ್ಯಾಸ್ಕೆಟ್ ಸೆಟ್ (1,350), ಸೀಲಂಟ್ (280). ಎಂಜಿನ್ ರಾತ್ರಿಯಿಡೀ ತಣ್ಣಗಿರಬೇಕು. ಬಿಸಿಯಲ್ಲಿ ಅಳತೆ ಸುಳ್ಳು ಹೇಳುತ್ತೆ.

ಅಳತೆ: ಇನ್‌ಟೇಕ್ ಕಡೆ 0.18ರಿಂದ 0.22 ಮಿ.ಮೀ., ಎಕ್ಸಾಸ್ಟ್ ಕಡೆ 0.23ರಿಂದ 0.27. ನಾನು ಇಟ್ಟದ್ದು 0.20 ಮತ್ತು 0.25. ಒಟ್ಟು 16 ವಾಲ್ವ್. ಇನ್‌ಟೇಕ್ ಕಡೆ ಪ್ರತಿ ಸಿಲಿಂಡರಿಗೆ ಮೂರು ರಾಕರ್ ಕಾಣುತ್ತವೆ. ನಡುವಿನದು ವಿಟೆಕ್‌ನದು, ಅದಕ್ಕೆ ಸ್ಕ್ರೂ ಇಲ್ಲ. ಬೆರಳಲ್ಲಿ ಒತ್ತಿದರೆ ಅದೊಂದೇ ಕೆಳಗೆ ಹೋಗಬೇಕು, ಅಕ್ಕಪಕ್ಕದವು ಅಲುಗಬಾರದು. ನಾಲ್ಕೂ ಚೆನ್ನಾಗಿದ್ದವು. ಒತ್ತಿದಾಗ ಹಾರ್ಮೋನಿಯಂ ಮನೆ ಒತ್ತಿದ ಹಾಗೆ ಮೆತ್ತಗೆ ಹೋಗಿ ಮೆತ್ತಗೆ ವಾಪಸ್ ಬರುತ್ತೆ. ಅದನ್ನೇ ಎರಡು ನಿಮಿಷ ಆಡುತ್ತಾ ಕೂತಿದ್ದೆ.

ಎಡ ಮುಂಚಕ್ರ ಬಿಚ್ಚಿ, ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಬಿಳಿ ಗೆರೆ ಗುರುತಿಗೆ ಬರುವ ತನಕ ತಿರುಗಿಸಿ 1ನೇ ಸಿಲಿಂಡರ್ ಮಾಡಿದೆ. ಗ್ಯಾಪ್ ಸರಿಯಾಗೇ ಇತ್ತು. ಆಮೇಲೆ ಪುಲ್ಲಿಯನ್ನು ಅರ್ಧ ಸುತ್ತು ತಿರುಗಿಸಿ 3ನೇದು, ಇನ್ನರ್ಧ ಸುತ್ತಿಗೆ 4ನೇದು, ಇನ್ನರ್ಧಕ್ಕೆ 2ನೇದು. ಕ್ರಮ 1-3-4-2. ಆಯಾ ಸಿಲಿಂಡರಿನ ವಾಲ್ವ್ ಮುಚ್ಚಿರುವ ಹೊತ್ತಲ್ಲೇ ಅಳೆಯಬೇಕು, ಅದಕ್ಕೇ ಈ ತಿರುಗಿಸಾಟ. 3ನೇದರಲ್ಲಿ ಫೀಲರ್ ತೂರಲೇ ಇಲ್ಲ. ಪೂರಾ ಟೈಟ್! 2ನೇದೂ ಹಾಗೇ. 'ಸಿಕ್ಕಿತು ಕಾಯಿಲೆ' ಅಂತ ಕುಣಿದಾಡಿ ಎರಡನ್ನೂ ಸಡಿಲಿಸಿ ಅಳತೆಗೆ ತಂದೆ. ಹೆಂಡತಿಯನ್ನು ಕರೆದು ತೋರಿಸಿಯೂ ತೋರಿಸಿದೆ.

ತಪ್ಪು 2, ಇದು ದೊಡ್ಡದು: ಈ ಎಂಜಿನ್ ತಿರುಗೋದು ಗಡಿಯಾರದ ವಿರುದ್ಧ ದಿಕ್ಕಿಗೆ. ಸಾಮಾನ್ಯ ಎಂಜಿನ್‌ಗಳ ರೂಢಿಯಲ್ಲಿ ನಾನು ಗಡಿಯಾರದ ದಿಕ್ಕಿಗೆ ತಿರುಗಿಸಿದ್ದೆ. ಹಿಂದಕ್ಕೆ ತಿರುಗಿಸಿದರೆ ಕ್ರಮವೂ ಹಿಂದುಮುಂದು: 1-2-4-3. 1 ಮತ್ತು 4ಕ್ಕೆ ವ್ಯತ್ಯಾಸ ಆಗಲ್ಲ. 3 ಅಂದುಕೊಂಡು ಕೈ ಹಾಕಿದಾಗ ಸರದಿ 2ರದ್ದು, 2 ಅಂದುಕೊಂಡಾಗ 3ರದ್ದು. ನಾನು ಅಳೆಯುತ್ತಿದ್ದ ಸಿಲಿಂಡರಲ್ಲಿ ಎರಡೂ ಕಡೆ ವಾಲ್ವ್ ಸ್ವಲ್ಪ ತೆರೆದೇ ಇದ್ದವು. ಟೈಟ್ ಇರದೆ ಇನ್ನೇನು? ಕ್ಯಾಮ್ ಪುಲ್ಲಿ ಮೇಲಿರುವ ಗುರುತನ್ನು ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಕವರ್ ಮುಚ್ಚಿ ಸ್ಟಾರ್ಟ್ ಮಾಡಿದೆ. ನಾಲ್ಕು ಹೊಲಿಗೆ ಮೆಷಿನ್ ಒಟ್ಟಿಗೆ ಓಡಿದ ಹಾಗೆ ಟಕಟಕಟಕ. ಗಾಡಿ ಕುಂಟುತ್ತಾ ಅದುರಿತು. ಎದುರು ಮನೆಯ ಯಜಮಾನರು ಪೇಪರ್ ಇಳಿಸಿ ನೋಡಿದರು. ಹತ್ತು ಸೆಕೆಂಡಲ್ಲಿ ಆಫ್ ಮಾಡಿದೆ.

ಮತ್ತೆ ತಣ್ಣಗಾಗಲು ಸಂಜೆ ತನಕ ಕಾದು, ಮತ್ತೆ ಕವರ್ ಬಿಚ್ಚಿ, ಈ ಸಲ ಎಡಕ್ಕೆ ತಿರುಗಿಸಿ, ಎಂಟು ವಾಲ್ವ್ ಮತ್ತೆ ಹೊಂದಿಸಿದೆ. ಟಾರ್ಚ್ ಹಿಡಿದದ್ದು ಮಗಳು. ರಾತ್ರಿ ಒಂಬತ್ತಕ್ಕೆ ಎಂಜಿನ್ ಇಷ್ಟು ಮೆತ್ತಗೆ ಓಡಿತು ಅಂದರೆ ಟಿಕೆಟ್ ಇಟ್ಟು ತೋರಿಸಬಹುದಿತ್ತು. ಪ್ಲಗ್ ಗುಂಡಿಯಲ್ಲಿ ಆಮೇಲೆ ಒಂದು ಹನಿ ಆಯಿಲೂ ಇಲ್ಲ. ಈ 1,880 ರೂಪಾಯಿ ವ್ಯರ್ಥ ಅಂತ ನಾನು ಅನ್ನಲ್ಲ.

ಕಾಯಿಲೆ ಮಾತ್ರ ಹಾಗೇ ಇತ್ತು. ಏಪ್ರಿಲ್ 29ಕ್ಕೆ ಮಂಡ್ಯದಲ್ಲಿ ಮತ್ತೆ ನಿಂತಿತು.

ಮೇ 3. ಪಂಪು

ಗ್ಯಾರೇಜೊಂದಕ್ಕೆ ಬಿಟ್ಟೆ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಹಳೆಯದು, ಬಿಸಿಗೆ ಹಿಡಿದುಕೊಳ್ಳುತ್ತೆ ಅಂದರು. ಪಂಪ್ 3,400, ಕೂಲಿ 900. ಅವರನ್ನು ದೂರಲ್ಲ, ಯಾಕೆಂದರೆ ಗ್ಯಾರೇಜ್ ನೆರಳಲ್ಲಿ ಗಾಡಿ ಅವರಿಗೆ ಒಮ್ಮೆಯೂ ಕೈ ಕೊಡಲಿಲ್ಲ. ಕೈ ಕೊಡದ ಗಾಡಿಯಲ್ಲಿ ಯಾರಾದರೂ ಏನು ಹುಡುಕುತ್ತಾರೆ?

ಆಮೇಲೆ ಒಂದು ವಾರ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ನಾನು ಭಾವಮೈದನಿಗೆ, ಮಾವನಿಗೆ, ಆಫೀಸಲ್ಲಿ, ಎಲ್ಲರಿಗೂ 'ಪಂಪು ಕಣ್ರೀ' ಅಂತ ಸಾರಿದೆ. ಆ ವಾರ ಭರಣಿ ಮಳೆ ಬಂದು ಊರು ತಣ್ಣಗಾಗಿತ್ತು ಅನ್ನೋದು ನನ್ನ ತಲೆಗೆ ಹೋಗಲಿಲ್ಲ.

ಮೇ 12, ಭಾನುವಾರ. ಚಾಮುಂಡಿ ಬೆಟ್ಟ

ಬಿಸಿಲು ವಾಪಸ್ ಬಂದಿತ್ತು. ಹನ್ನೊಂದಕ್ಕೆ ಮೇಲೆ ನಿಲ್ಲಿಸಿ ದರ್ಶನ ಮಾಡಿ ಬಂದಾಗ ಹನ್ನೆರಡೂವರೆ. ಬರೀ ಸೆಲ್ಫ್. ಈ ಸಲ ನನಗೆ ರೇಗಿತು. ಹೇಗೂ ಇಳಿಜಾರು, ಉರುಳಿಸಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟರೆ ಆಗುತ್ತೆ ಅಂದುಕೊಂಡೆ. ಹೆಂಡತಿ ಮಗಳನ್ನು ಬಸ್ಸಿಗೆ ಹತ್ತಿಸಿದೆ. ನಾನು ಅವತ್ತು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ತಪ್ಪು 3, ಯಾರೂ ಮಾಡಬೇಡಿ: ಎಂಜಿನ್ ಓಡದಿದ್ದರೆ ಬ್ರೇಕಿನ ಬೂಸ್ಟರಿಗೆ ಬಲ ಇಲ್ಲ. ಮೊದಲ ಎರಡು ಸಲ ಒತ್ತಿದಾಗ ಬ್ರೇಕ್ ಮಾಮೂಲಿ ಹಾಗೇ ಇರುತ್ತೆ. ಮೂರನೇ ಸಲ ಪೆಡಲ್ ಕಲ್ಲು. ಪವರ್ ಸ್ಟೀರಿಂಗ್ ಕೂಡ ರುಬ್ಬುಗುಂಡಿನ ಹಾಗೆ. ಕ್ಲಚ್ ಬಿಟ್ಟಾಗೆಲ್ಲ ಗಾಡಿ ಮುಗ್ಗರಿಸಿತೇ ಹೊರತು ಎಂಜಿನ್ ಹಿಡಿಯಲಿಲ್ಲ. ಮೊದಲ ದೊಡ್ಡ ತಿರುವಲ್ಲಿ ಎರಡೂ ಕಾಲು ಬ್ರೇಕ್ ಮೇಲೆ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಊರು ಕಾಣುವ ಕಡೆ ಅಂಚಿನ ಜಾಗದಲ್ಲಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ನಾಲ್ಕೂ ಕಿಟಕಿ ಇಳಿಸಿ, ಬಾಗಿಲು ತೆಗೆದು, ಕಟ್ಟೆ ಮೇಲೆ ಕೂತೆ. ಕೆಳಗೆ ಅರಮನೆ, ಲಲಿತ ಮಹಲ್ ಎಲ್ಲ ಬಿಸಿಲಲ್ಲಿ ಬೆಳ್ಳಗೆ. ಹದಿನೈದು ನಿಮಿಷ ಆದ ಮೇಲೆ ಸ್ಟಾರ್ಟ್ ಆಯ್ತು.

ಮೇ 14. ಮಂಡಿ ಮೊಹಲ್ಲಾ

ಆಫೀಸಿನ ಜವಾನರು ಹೇಳಿದ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಅಂಗಡಿ ಅಂದರೆ ಒಂದು ಬೆಂಚು, ಒಂದು ಬ್ಯಾಟರಿ, ಗೋಡೆ ತುಂಬಾ ವೈರು. ನಾನು ಎರಡು ತಿಂಗಳ ಪುರಾಣ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

'ಸಾರ್, ಕೀ ಆನ್ ಮಾಡಿ. ಸೆಲ್ಫ್ ಹೊಡೀಬೇಡಿ. ಸುಮ್ನೆ ಕೇಳಿ.'

ಕೇಳಿದೆ. ಡ್ಯಾಷ್‌ಬೋರ್ಡ್ ಒಳಗೆ ಟಿಕ್ ಅಂತು. ಎಂಜಿನ್ ಲೈಟ್ ಹತ್ತಿತು. ಹಿಂದಿನ ಸೀಟಿನ ಕಡೆಯಿಂದ 'ಊಂ' ಅಂತ ಸಣ್ಣ ಸದ್ದು, ಎರಡು ಸೆಕೆಂಡು. ಮತ್ತೆ ಟಿಕ್. ಸದ್ದು ನಿಂತಿತು.

'ಗಾಡಿ ಕೈ ಕೊಟ್ಟಾಗ ಈ ಊಂ ಬರುತ್ತಾ?'

'ಗೊತ್ತಿಲ್ಲ ಚಾಚಾ. ಯಾವತ್ತೂ ಕೇಳಿಲ್ಲ.'

'ಎರಡೂವರೆ ವರ್ಷ ಓಡಿಸಿದ್ದೀರ, ಕೇಳಿಲ್ವಾ?' ನಕ್ಕರು. 'ಮುಂದಿನ್ಸಲ ಕೇಳಿ. ಬರದಿದ್ರೆ ಪಂಪಲ್ಲ, ರಿಲೇ. ಪಂಪಿಗೆ ಕರೆಂಟು ಬಿಡೋ ಸ್ವಿಚ್ಚು. ಡ್ಯಾಷ್‌ಬೋರ್ಡ್ ಅಡಿ ಒಂದು ಡಬ್ಬಿ ಇರುತ್ತೆ. ಒಳಗೆ ಬೆಸುಗೆ ಬಿಟ್ಟಿರುತ್ತೆ.'

ದುಡ್ಡು ಬೇಡ ಅಂದರು. ಟೀಗೆ ಅಂತ 100 ಇಟ್ಟು ಬಂದೆ.

ಮೇ 15. ಬೇಕಂತಲೇ ಕೆಡಿಸಿದ್ದು

ಇಲ್ಲಿಯವರೆಗೆ ಕಾಯಿಲೆ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಈ ಸಲ ನಾನು ಕರೆದೆ. ರಜೆ ಹಾಕಿ, ಮನೆ ಮುಂದೆ ನೆರಳಿಲ್ಲದ ಕಡೆ ನಿಲ್ಲಿಸಿ, ಎಲ್ಲ ಗಾಜು ಏರಿಸಿ, ಹನ್ನೆರಡರಿಂದ ಎರಡರ ತನಕ ಬಿಟ್ಟೆ. ಡ್ಯಾಷ್‌ಬೋರ್ಡ್ ಮೇಲೆ ಮಗಳ ಮೀನಿನ ತೊಟ್ಟಿಯ ಥರ್ಮಾಮೀಟರ್ ಇಟ್ಟಿದ್ದೆ. ಅದರ ಕೊನೇ ಗೆರೆ 50. ಕೆಂಪು ಗೆರೆ ಅಲ್ಲಿಗೆ ಮುಟ್ಟಿ, ಹೋಗೋಕೆ ಜಾಗ ಇಲ್ಲದೆ ನಿಂತಿತ್ತು.

ಒಳಗೆ ಕೂತು ಬಾಗಿಲು ಹಾಕಿಕೊಂಡೆ. ಕೀ ಆನ್. ಲೈಟ್ ಹತ್ತಿತು, ಆರಿತು. ಹಿಂದಿನಿಂದ ಸದ್ದಿಲ್ಲ. ಇನ್ನೊಂದು ಸಲ. ಇಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯಲಿಲ್ಲ. ಡ್ಯಾಷ್‌ಬೋರ್ಡ್ ಅಡಿಗೆ ಕೈ ತೂರಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಆ ಡಬ್ಬಿಗೆ ಮೆಲ್ಲಗೆ ತಟ್ಟಿ ಕೀ ಆನ್ ಮಾಡಿದೆ. 'ಊಂ'.

ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆಗ ಹೊಳೆಯಿತು. ಇಷ್ಟು ದಿನ ನಾನು ಬಾನೆಟ್ ಎತ್ತಿ ಎಂಜಿನ್ ತಣಿಸುತ್ತಿದ್ದೇನೆ ಅಂದುಕೊಂಡಿದ್ದೆ. ತಣಿಯುತ್ತಿದ್ದದ್ದು ಒಳಗಿನ ಡ್ಯಾಷ್‌ಬೋರ್ಡು. ಬಾನೆಟ್ ಲಿವರ್ ಎಳೆದು ಇಳಿದ ಮೇಲೆ ಬಾಗಿಲು ಹಾಕುತ್ತಲೇ ಇರಲಿಲ್ಲ ನಾನು. ಶ್ರೀರಂಗಪಟ್ಟಣದಲ್ಲಿ ಒಂದು ಗಂಟೆಯಾದರೂ ಹಿಡಿಯದ್ದು ಯಾಕೆ? ಅವತ್ತು ಗಾಜು ಏರಿಸಿ, ಲಾಕ್ ಮಾಡಿ, ನೆಂಟರ ಮನೆ ಫ್ಯಾನ್ ಕೆಳಗೆ ಹೋಗಿ ಕೂತಿದ್ದೆ.

ಮೇ 18. ಬೆಸುಗೆ, ಮೊದಲ ಸಲ

ಬ್ಯಾಟರಿ ಮೈನಸ್ ಕಳಚಿದೆ. ಸೀಟು ಪೂರ್ತಿ ಹಿಂದೆ ತಳ್ಳಿ, ಬೆನ್ನ ಮೇಲೆ ಮಲಗಿ, ಡ್ಯಾಷ್‌ಬೋರ್ಡ್ ಅಡಿಗೆ ತಲೆ ತೂರಿಸಿದೆ. ಕನೆಕ್ಟರ್ ಕಿತ್ತು, ಬೋಲ್ಟ್ ಬಿಚ್ಚಿದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ ಕೈಗೆ ಬಂತು. ಪಕ್ಕದ ಕ್ಲಿಪ್ ಒತ್ತಿದರೆ ಮುಚ್ಚಳ ಕಳಚುತ್ತೆ. ಒಳಗೆ ಎರಡು ರಿಲೇ: ಒಂದು ಎಂಜಿನ್ ಕಂಪ್ಯೂಟರಿಗೆ ಕರೆಂಟು ಕೊಡೋದು, ಇನ್ನೊಂದು ಪಂಪಿಗೆ.

ಬರಿಗಣ್ಣಿಗೆ ಏನೂ ಕಾಣಲಿಲ್ಲ. ಬೆಸುಗೆ ಎಲ್ಲ ಸರಿಯಾಗೇ ಇದೆ ಅನ್ನಿಸಿ ಮನಸ್ಸು ಕುಗ್ಗಿತು. ಅಪ್ಪ ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ತಂದು ಕಿಟಕಿ ಹತ್ತಿರ ಓರೆಯಾಗಿ ಹಿಡಿದೆ. ಪಂಪಿನ ಕಡೆಯ ದಪ್ಪ ಪಿನ್ನಿನ ಸುತ್ತ ಒಂದು ಕಪ್ಪು ಉಂಗುರ. ಕೂದಲಿಗಿಂತ ಸಣ್ಣ ಬಿರುಕು, ಕಾಲುಂಗುರದ ಹಾಗೆ ಪೂರ್ತಿ ಸುತ್ತು ಬಂದಿತ್ತು. ಉಗುರಿಂದ ಪಿನ್ ಅಲ್ಲಾಡಿಸಿದರೆ ಬೆಸುಗೆ ನಿಂತಲ್ಲೇ ನಿಂತಿದೆ, ಪಿನ್ ಮಾತ್ರ ಅಲುಗುತ್ತಿದೆ. ತಣ್ಣಗಿದ್ದಾಗ ಎರಡೂ ಒಂದಕ್ಕೊಂದು ತಾಗುತ್ತವೆ. ಬಿಸಿಗೆ ಹಿಗ್ಗಿದರೆ ಬಿಟ್ಟುಕೊಳ್ಳುತ್ತವೆ. 22 ಬೇಸಿಗೆ ತಿಂದ ಬೆಸುಗೆ, ಪಾಪ ಅದಾದರೂ ಏನು ಮಾಡುತ್ತೆ. ಪಕ್ಕದ ಇನ್ನೊಂದು ಪಿನ್ನಿನಲ್ಲೂ ಅರ್ಧ ಬಿರುಕಿತ್ತು.

ತಪ್ಪು 4: ಮನೆಯಲ್ಲಿದ್ದ 25 ವಾಟಿನ ಸೋಲ್ಡರಿಂಗ್ ಕಡ್ಡಿಯಲ್ಲೇ ಮುಗಿಸಲು ಹೋದೆ. ರೇಡಿಯೋ ರಿಪೇರಿಗೆ ಅದು ಸಾಕು. ಇಲ್ಲಿ ಪಿನ್ ದಪ್ಪ, ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತೆ. ಹಳೇ ಸೋಲ್ಡರ್ ತೆಗೆಯದೆ ಮೇಲೆ ಹೊಸದನ್ನು ಇಟ್ಟೆ. ಅದು ಗಂಜಿ ಹಾಗೆ ಮಂಕಾಗಿ ಮೇಲೆ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ನೋಡಿದಾಗಲೇ ಗೊತ್ತಾಗಬೇಕಿತ್ತು. ಗೊತ್ತೂ ಆಯ್ತು. 'ನಡೆಯುತ್ತೆ ಬಿಡು' ಅಂದುಕೊಂಡೆ.

ಮೂರು ದಿನ ನಡೆಯಿತು. ಮೇ 21ಕ್ಕೆ ಆಫೀಸ್ ಮುಂದೆ 'ಊಂ' ಬರಲಿಲ್ಲ. ಆದರೆ ಈ ಸಲ ನಾನು ಬಾನೆಟ್ ಎತ್ತಲಿಲ್ಲ. ಡಬ್ಬಿಗೆ ಎರಡು ಏಟು ತಟ್ಟಿ ಮನೆಗೆ ಬಂದೆ.

ಜೂನ್ 2, ಭಾನುವಾರ. ಬೆಸುಗೆ, ಎರಡನೇ ಸಲ

ತಂದದ್ದು: 60 ವಾಟ್ ಕಡ್ಡಿ 380, 60/40 ಸೋಲ್ಡರ್ ತಂತಿ 90, ಸೋಲ್ಡರ್ ಹಿಡಿಸುವ ಫ್ಲಕ್ಸ್ 30, ಹಳೇ ಸೋಲ್ಡರ್ ಹೀರುವ ತಾಮ್ರದ ಜಡೆ 60. ಒಟ್ಟು 560.

1. ತಾಮ್ರದ ಜಡೆ ಇಟ್ಟು, ಬಿಸಿ ಕೊಟ್ಟು, ಹಳೇ ಸೋಲ್ಡರ್ ಪೂರ್ತಿ ತೆಗೆದೆ. ಪಿನ್ನಿನ ಸುತ್ತ ತೂತು ಕಾಣುವ ತನಕ.
2. ಪಿನ್ ಕಪ್ಪಾಗಿತ್ತು. ಬ್ಲೇಡಿನ ಮೂಲೆಯಿಂದ ಕೆರೆದು ಹೊಳಪು ಬರಿಸಿದೆ. ಮೊದಲ ಸಲ ಬಿಟ್ಟ ಕೆಲಸ ಇದೇ. ಕಪ್ಪಾದ ಪಿನ್ನಿಗೆ ಸೋಲ್ಡರ್ ಹಿಡಿಯಲ್ಲ.
3. ಫ್ಲಕ್ಸ್ ಹಚ್ಚಿ, ಕಡ್ಡಿಯನ್ನು ಪಿನ್ ಮತ್ತು ಬೋರ್ಡಿನ ತಾಮ್ರ ಎರಡಕ್ಕೂ ತಾಗಿಸಿ ನಾಲ್ಕು ಸೆಕೆಂಡ್ ಬಿಟ್ಟು ಸೋಲ್ಡರ್ ಕೊಟ್ಟೆ. ಒಗ್ಗರಣೆಗೆ ಹಾಕಿದ ತುಪ್ಪದ ಹಾಗೆ ಪಿನ್ ಸುತ್ತ ಹರಿದು ಒಳಗಿಳಿಯಿತು. ಕನ್ನಡಿ ಥರ ಹೊಳಪು.
4. ಬಿರುಕು ಇರಲಿ ಬಿಡಲಿ, ಬೋರ್ಡಿನ ಎಲ್ಲ ದಪ್ಪ ಪಿನ್ನಿಗೂ ಹೀಗೇ ಮಾಡಿದೆ.

ಈಗ ಪರೀಕ್ಷೆ. ಅಷ್ಟು ಹೊತ್ತಿಗೆ ಮಳೆಗಾಲದ ಮೋಡ ಕವಿದಿತ್ತು, ಬಿಸಿಲೇ ಇಲ್ಲ. ಬೇಡವಾದಾಗ ಸುಟ್ಟು, ಬೇಕಾದಾಗ ನಾಪತ್ತೆ. ಹೆಂಡತಿಯ ಹೇರ್ ಡ್ರೈಯರ್ ತಂದೆ. ರಿಲೇಯನ್ನು ಮೇಜಿನ ಮೇಲಿಟ್ಟು, ಪಂಪಿನ ರಿಲೇಯ ಕಾಯಿಲಿಗೆ (ಸ್ವಿಚ್ ಎಳೆಯುವ ತಂತಿ ಸುರುಳಿಗೆ) ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು, ಕರೆಂಟು ಹೋಗಿಬರುವ ಎರಡು ಪಿನ್ನಿಗೆ ಮಲ್ಟಿಮೀಟರ್ ಸಿಕ್ಕಿಸಿ, ಮೀಟರ್ ಬೀಪ್ ಅನ್ನುತ್ತಿರುವಾಗ ಡ್ರೈಯರ್ ಬಿಟ್ಟೆ. ಹತ್ತು ನಿಮಿಷ. ಬೀಪ್ ನಿಲ್ಲಲಿಲ್ಲ. ಬೆರಳಿಂದ ತಟ್ಟಿದೆ, ಮೇಜು ಕುಟ್ಟಿದೆ. ನಿಲ್ಲಲಿಲ್ಲ.

'ರೀ, ಅದು ನನ್ನ ತಲೆಗೆ ತಂದಿದ್ದು' ಅಂತ ಒಳಗಿಂದ ಕೂಗು ಬಂತು. ಡ್ರೈಯರ್ ವಾಪಸ್ ಕೊಟ್ಟೆ. ಮೂತಿಯಲ್ಲಿ ಸ್ವಲ್ಪ ಫ್ಲಕ್ಸ್ ವಾಸನೆ ಉಳಿದಿದೆ. ಅದನ್ನು ನಾನಾಗಿ ಹೇಳಿಲ್ಲ.

ಖರ್ಚಿನ ಲೆಕ್ಕ

ಫಿಲ್ಟರ್, ವಾಷರ್: 790
ಟೋಯಿಂಗ್: 1,800
ಪ್ಲಗ್, ವೈರ್, ಮುಚ್ಚಳ, ರೋಟರ್: 3,830
ಗ್ಯಾಸ್ಕೆಟ್, ಸೀಲಂಟ್, ಫೀಲರ್ ಗೇಜ್: 1,880
ಪಂಪ್, ಕೂಲಿ: 4,300
ಚಾಚಾ ಅವರ ಟೀ: 100
ಸೋಲ್ಡರಿಂಗ್ ಸಾಮಾನು: 560
ಒಟ್ಟು: 13,260

ಇದರಲ್ಲಿ ನಿಜವಾಗಿ ನೀರಿಗೆ ಹೋದದ್ದು ಪಂಪಿನ 4,300 ಮತ್ತು ಟೋಯಿಂಗಿನ 1,800. ಹಳೇ ಪಂಪ್ ಚೆನ್ನಾಗೇ ಇದೆ, ಪೇಪರಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಪ್ಲಗ್ಗು, ವೈರು ಎಂದಾದರೂ ಬದಲಿಸಲೇಬೇಕಿತ್ತು.

ನವೆಂಬರ್. ಈಗಿನ ಸ್ಥಿತಿ

ಐದು ತಿಂಗಳಾಯ್ತು. ದಸರಾ ಸಮಯದಲ್ಲಿ ಪಾರ್ಕಿಂಗ್ ಸಿಗದೆ ದಿನಗಟ್ಟಲೆ ಬಯಲಲ್ಲಿ ನಿಂತರೂ ಒಂದು ಸಲ ಕೈ ಕೊಟ್ಟಿಲ್ಲ. ಗುಜರಿಯಿಂದ ಇನ್ನೊಂದು ರಿಲೇ 300 ರೂಪಾಯಿಗೆ ತಂದು, ಅದಕ್ಕೂ ಹೊಸ ಬೆಸುಗೆ ಹಾಕಿ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದೇನೆ. ಮಾವನನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರಿನ ತನಕ ಹೋಗಿ ವಡೆ ತಿಂದು ಬಂದೆ. ಮೂರನೇ ಗೇರಲ್ಲಿ ಎಂಜಿನ್ ಸುತ್ತಿನ ಮುಳ್ಳು 5,000ದ ಆಸುಪಾಸಿಗೆ ಬಂದಾಗ ಎಂಜಿನ್ ಗಂಟಲು ಬದಲಿಸುತ್ತೆ, ಆ ಸದ್ದಿಗೆ ಅವರು ಸೀಟು ಹಿಡಿದುಕೊಂಡರು. ಹಸುವಿನ ಮಾತು ಮತ್ತೆ ಎತ್ತಲಿಲ್ಲ.

ಬಾಕಿ ಇರುವುದು ಎರಡು. ಒಂದು, ಟೈಮಿಂಗ್ ಬೆಲ್ಟ್. ಹಿಂದಿನ ಓನರ್ ಯಾವಾಗ ಹಾಕಿಸಿದರು ಅನ್ನೋದಕ್ಕೆ ಚೀಟಿ ಇಲ್ಲ. ಬೆಲ್ಟು, ಟೆನ್ಷನರು, ವಾಟರ್ ಪಂಪು ಮೂರನ್ನೂ ಒಟ್ಟಿಗೆ ಹಾಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸುತ್ತಿದ್ದೇನೆ. ಈ ಸಲ ಪುಲ್ಲಿ ಮೇಲೆ ಎಡಕ್ಕೆ ಒಂದು ಬಾಣದ ಗುರುತು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ.

ಎರಡು, ಡಿಸ್ಟ್ರಿಬ್ಯೂಟರಿನ ಬುಡದಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ರಬ್ಬರ್ ಉಂಗುರ ಗಟ್ಟಿಯಾಗಿದೆಯೋ, ಅಥವಾ ಪಕ್ಕದ, ವಿಟೆಕ್‌ಗೆ ಆಯಿಲ್ ಬಿಡುವ ಸೊಲೆನಾಯ್ಡಿನಿಂದ ಇಳಿಯುತ್ತಿದೆಯೋ ಇನ್ನೂ ಖಚಿತ ಇಲ್ಲ. ಈ ಸಲ ಏನನ್ನೂ ಕೊಂಡು ತಂದಿಲ್ಲ. ಎರಡೂ ಜಾಗ ಒರೆಸಿ, ಆಯಿಲ್ ಎಲ್ಲಿಂದ ಇಳಿಯುತ್ತೆ ಅಂತ ಗುರುತು ಬೀಳಲು ಟಾಲ್ಕಂ ಪೌಡರ್ ಉದುರಿಸಿ, ಕೆಳಗೆ ಒಂದು ರಟ್ಟು ಹಾಕಿದ್ದೇನೆ. ನಿನ್ನೆ ರಾತ್ರಿಯ ಲೆಕ್ಕ, ನಾಲ್ಕು ಹನಿ.